ತರಂಗ ಒಂದೇ, ಪಾಲುದಾರರು ಕೋಟಿ

ಹೊಸ ಫೋನ್ ಕೊಳ್ಳಲು ಹೋದರೆ ಅಂಗಡಿಯ ಹುಡುಗ ಒಂದೇ ಉಸಿರಿಗೆ ಎಲ್‌ಟಿಇ, ವಿಒಎಲ್‌ಟಿಇ, ಬ್ಯಾಂಡ್, ಇ-ಸಿಮ್ ಎಂದು ಒದರುತ್ತಾನೆ. ನಾವು ತಲೆಯಾಡಿಸಿ, ದುಡ್ಡು ಕೊಟ್ಟು ಬರುತ್ತೇವೆ. ಕಗ್ಗಂಟಿನಂತೆ ಕಾಣುವ ಇಂಥ ಪದಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಸಿಕ್ಕ ಉತ್ತರಗಳು. ಮೊಬೈಲಿಗೆ ಒದಗುವ ರೇಡಿಯೊ ತರಂಗಗಳಿಗೆ ಮಿತಿಯಿದೆ, ಮಾತಾಡುವವರು ಕೋಟಿಗಟ್ಟಲೆ ಇದ್ದಾರೆ. ಒಬ್ಬರ ಮಾತು ಇನ್ನೊಬ್ಬರ ಮಾತಿನೊಂದಿಗೆ ಬೆರೆಯದಂತೆ ಹಂಚುವುದು ಹೇಗೆ?

ಮುಖ್ಯವಾದ ಕೆಲವು ಉತ್ತರಗಳು ಹೊಳೆದದ್ದು ಅಮೆರಿಕದ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ನಗರಗಳಲ್ಲಿ. ಎರಡರ ನಡುವೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಹಾಸನದಷ್ಟು ದೂರ. ಮಕ್ಕಳು ಅಲ್ಲಿ ನೆಲೆಸಿರುವ ಕಾರಣಕ್ಕೆ ಕರ್ನಾಟಕದ ಅನೇಕ ತಂದೆತಾಯಂದಿರಿಗೂ ಇವು ಪರಿಚಿತ ಊರುಗಳೇ.

ಮೊದಲ ಉತ್ತರ ಸರಳವಾಗಿತ್ತು. ಎಫ್‌ಎಂ ನಿಲಯಗಳಿಗೆ ಒಂದೊಂದು ತರಂಗಾಂತರ ಇರುವಂತೆ ಒಂದೊಂದು ಕರೆಗೂ ಒಂದೊಂದು ಪಟ್ಟಿ. ಅಮೆರಿಕದ ಮೊದಲ ತಲೆಮಾರಿನ ಮೊಬೈಲ್ ಜಾಲದಲ್ಲಿ ಆ ಪಟ್ಟಿಯ ಅಗಲ 30 ಕಿಲೋಹರ್ಟ್ಸ್. ಪಟ್ಟಿಗಳು ಬೇಗ ಮುಗಿದುಹೋಗುತ್ತವೆಂದು ಊರನ್ನೇ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ತುಂಡಿಗೊಂದು ಗೋಪುರ ನಿಲ್ಲಿಸಿ, ಒಂದೆಡೆ ಬಳಸಿದ ಪಟ್ಟಿಯನ್ನೇ ದೂರದ ಇನ್ನೊಂದೆಡೆ ಮತ್ತೆ ಬಳಸಿದರು. ಇಂಥ ಒಂದೊಂದು ತುಂಡೇ ‘ಸೆಲ್’. ಲಾಸ್ ಏಂಜಲೀಸಿಗೆ ಈ ಸೇವೆ ಬಂದದ್ದು ಅಲ್ಲಿ ಒಲಿಂಪಿಕ್ಸ್ ನಡೆದ 1984ರಲ್ಲಿ. ಕಾರಿನಲ್ಲೇ ದಿನದ ಅರ್ಧ ಕಳೆಯುವ ಆ ಊರಿನಲ್ಲಿ ಫೋನಿಗೆ ಮುಗಿಬಿದ್ದವರನ್ನು ಹಳೆಯ ಜಾಲ ತಾಳಿಕೊಳ್ಳುವಂತಿರಲಿಲ್ಲ.

ಯುರೋಪು ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ರೂಪುಗೊಂಡ ಜಿಎಸ್‌ಎಂ ಪದ್ಧತಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಪಟ್ಟಿಯೊಂದನ್ನು ಎಂಟು ಫೋನುಗಳು ಸರದಿಯ ಮೇಲೆ ಬಳಸುತ್ತವೆ. ಒಂದು ಸರದಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು, ಹಾಗಾಗಿ ಮಾತು ತುಂಡಾದದ್ದು ಕಿವಿಗೆ ತಿಳಿಯುವುದಿಲ್ಲ. 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ಹೋದ ಭಾರತದ ಮೊದಲ ಮೊಬೈಲ್ ಕರೆಯೂ ಜಿಎಸ್‌ಎಂ ಕರೆಯೇ.

ಮೂರನೆಯ ಉತ್ತರ ಹೊಳೆದದ್ದು ರಸ್ತೆಯಲ್ಲಿ. 1985ರ ಜುಲೈಯಲ್ಲಿ ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಐವರು ಸಂಗಾತಿಗಳು ಸ್ಯಾನ್ ಡಿಯೇಗೊದಲ್ಲಿ ಕ್ವಾಲ್‌ಕಾಮ್ ಎಂಬ ಕಂಪನಿ ಕಟ್ಟಿದ್ದರು. ಕೈಯಲ್ಲಿ ಹೇಳಿಕೊಳ್ಳುವಂಥ ಸರಕೇನೂ ಇರಲಿಲ್ಲ. ಲಾಸ್ ಏಂಜಲೀಸಿನ ಹ್ಯೂಸ್ ಕಂಪನಿಗೆ ಉಪಗ್ರಹ ಫೋನಿನ ವಿಚಾರದಲ್ಲಿ ಸಲಹೆ ಕೊಟ್ಟು ಕಾರಿನಲ್ಲಿ ಮರಳುವಾಗ ಸಿಡಿಎಂಎ ಪದ್ಧತಿಯನ್ನೇ ಯಾಕೆ ಬಳಸಬಾರದೆಂದು ತಮಗೆ ತೋಚಿತು ಎಂದು ಜೇಕಬ್ಸ್ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಸಿಡಿಎಂಎ ಅಂದರೆ ಸಂಕೇತದ ಆಧಾರದ ಮೇಲೆ ಹಂಚಿಕೆ. ಕಾಸರಗೋಡಿನ ಬಸ್ ನಿಲ್ದಾಣವನ್ನು ನೆನೆಯಿರಿ. ಒಂದು ಮೂಲೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ, ಪಕ್ಕದಲ್ಲಿ ತುಳು, ಹಿಂದೆ ಕೊಂಕಣಿ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರೂ ನಿಮ್ಮ ಕಿವಿ ನಿಮ್ಮ ಭಾಷೆಯನ್ನು ಹೆಕ್ಕಿಕೊಳ್ಳುತ್ತದೆ, ಉಳಿದದ್ದು ಬರಿಯ ಗದ್ದಲ. ಸಿಡಿಎಂಎಯಲ್ಲೂ ಹಾಗೆಯೇ. 1.25 ಮೆಗಾಹರ್ಟ್ಸ್ ಅಗಲದ ಒಂದೇ ಪಟ್ಟಿಯಲ್ಲಿ ಎಲ್ಲ ಫೋನುಗಳೂ ಏಕಕಾಲಕ್ಕೆ ಮಾತಾಡುತ್ತವೆ. ಪ್ರತಿ ಕರೆಗೂ ಅದರದೇ ಗಣಿತದ ಸಂಕೇತವಿದ್ದು, ಆ ಸಂಕೇತ ಗೊತ್ತಿರುವ ಯಂತ್ರ ಮಾತ್ರ ಆ ಕರೆಯನ್ನು ಬಿಡಿಸಬಲ್ಲದು.

ಆದರೆ ಪಕ್ಕದವನು ಕಿರುಚಿದರೆ ಯಾವ ಭಾಷೆಯೂ ಕೇಳಿಸದು. ಗೋಪುರದ ಬುಡದಲ್ಲಿರುವ ಫೋನಿನ ಸದ್ದಿನಲ್ಲಿ ದೂರದ ಫೋನು ಮುಳುಗಿಹೋಗುತ್ತದೆ. ಹಲವು ತಜ್ಞರು ಇದು ನಡೆಯದ ಕೆಲಸವೆಂದು ಕೈಬಿಟ್ಟದ್ದು ಈ ಕಾರಣಕ್ಕೇ. ಕ್ವಾಲ್‌ಕಾಮ್ ಕಂಡುಕೊಂಡ ಮದ್ದು, ಪ್ರತಿ ಫೋನಿನ ದನಿಯನ್ನೂ ಗೋಪುರವೇ ಸೆಕೆಂಡಿಗೆ 800 ಸಲ ಏರಿಳಿಸುವುದು. ಎಲ್ಲರ ಮಾತೂ ಸಮ ಬಲದಲ್ಲಿ ಬಂದು ತಲುಪಿದರೆ ಬಿಡಿಸುವುದು ಸುಲಭ.

1989ರ ನವೆಂಬರಿನಲ್ಲಿ ದೂರಸಂಪರ್ಕ ಕಂಪನಿಗಳ ಮುಖ್ಯಸ್ಥರನ್ನು ಸ್ಯಾನ್ ಡಿಯೇಗೊಗೆ ಕರೆಸಿ ಪ್ರಯೋಗ ತೋರಿಸಲು ಸಜ್ಜಾದರು. ಗೋಪುರಗಳ ಗಡಿಯಾರಗಳು ಒಂದಕ್ಕೊಂದು ಹೊಂದಿರಬೇಕು, ಅದಕ್ಕೆ ಆಧಾರ ಜಿಪಿಎಸ್ ಉಪಗ್ರಹಗಳ ಸಮಯ. ಆ ಹೊತ್ತಿಗೆ ಸರಿಯಾಗಿ ಜಿಪಿಎಸ್ ಕೈಕೊಟ್ಟಿತು. ವೇದಿಕೆಯ ಮೇಲಿದ್ದ ಜೇಕಬ್ಸ್ ಅವರಿಗೆ ಸಹೋದ್ಯೋಗಿಯೊಬ್ಬರು ದೂರದಿಂದಲೇ ‘ಮಾತು ಮುಂದುವರಿಸಿ’ ಎಂದು ಸನ್ನೆ ಮಾಡಿದರು. ಅವರು ಮಾತನ್ನು ಎಳೆದರು, ದೋಷ ಸರಿಯಾಯಿತು, ಪ್ರಯೋಗ ಗೆದ್ದಿತು. 1993ರಲ್ಲಿ ಸಿಡಿಎಂಎ ಅಮೆರಿಕದಲ್ಲಿ ಅಧಿಕೃತ ಮಾನದಂಡವಾಯಿತು.

ವಿಟರ್ಬಿ ಅವರ ಕೊಡುಗೆ ಇನ್ನೂ ಹಳೆಯದು. ಇಟಲಿಯ ಬೆರ್ಗಾಮೊದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಅವರು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1967ರಲ್ಲಿ, ಗದ್ದಲದಲ್ಲಿ ಹಾಳಾಗಿ ಬಂದ ಸಂಕೇತದಿಂದ ಮೂಲ ಸಂದೇಶ ಯಾವುದಿದ್ದೀತು ಎಂದು ಊಹಿಸುವ ಲೆಕ್ಕಾಚಾರವನ್ನು ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ‘ವಿಟರ್ಬಿ ಆಲ್ಗರಿದಂ’ ಮುಂದೆ ಸಿಡಿಎಂಎಗೂ ಅದರ ಎದುರಾಳಿ ಜಿಎಸ್‌ಎಂಗೂ ಸಮಾನವಾಗಿ ದುಡಿಯಿತು.

ಲಾಸ್ ಏಂಜಲೀಸಿನ ಮತ್ತೊಂದು ಹೆಸರು ಅಂತರ್ಜಾಲದಲ್ಲಿ ಆಗಾಗ ಸುತ್ತುತ್ತದೆ: ಹಾಲಿವುಡ್ ತಾರೆ ಹೆಡಿ ಲಮಾರ್. ವೈ-ಫೈ ಕಂಡುಹಿಡಿದದ್ದೇ ಅವರು ಎಂಬ ಮಾತು ಉತ್ಪ್ರೇಕ್ಷೆ. ನಿಜ ಇಷ್ಟು. ಅವರೂ ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಅವರೂ ಸೇರಿ, ಶತ್ರುಗಳು ಟಾರ್ಪೆಡೊದ ರೇಡಿಯೊ ಸಂಕೇತ ಕೆಡಿಸದಿರಲೆಂದು ತರಂಗಾಂತರವನ್ನು ಪದೇ ಪದೇ ಬದಲಿಸುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದರು. ತಾನಾಗಿ ನುಡಿಯುವ ಪಿಯಾನೊದಲ್ಲಿರುವಂಥ ರಂಧ್ರವಿರುವ ಕಾಗದದ ಸುರುಳಿ, ಪಿಯಾನೊ ಮನೆಗಳಷ್ಟೇ ಅಂದರೆ 88 ತರಂಗಾಂತರಗಳು. ನೌಕಾಪಡೆ ಆಗ ಅದನ್ನು ಬಳಸಲಿಲ್ಲ. ಅಂಥದೇ ತತ್ತ್ವ ಇಂದು ಬ್ಲೂಟೂತ್‌ನಲ್ಲಿದೆ. ಸಾಮಾನ್ಯ ಬ್ಲೂಟೂತ್ 79 ಪಟ್ಟಿಗಳ ನಡುವೆ ಸೆಕೆಂಡಿಗೆ 1600 ಸಲದವರೆಗೆ ನೆಗೆಯುತ್ತದೆ.

ನಮ್ಮ ಊರುಗಳಿಗೆ ಸಿಡಿಎಂಎ ಬಂದದ್ದು ಬಹುಮಟ್ಟಿಗೆ ರಿಲಯನ್ಸ್ ಹೆಸರಿನಲ್ಲಿ. 2003ರಲ್ಲಿ 501 ರೂಪಾಯಿ ಮುಂಗಡ ಕಟ್ಟಿದರೆ ಫೋನ್ ಕೈಗೆ ಬರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆ ಫೋನುಗಳಲ್ಲಿ ಸಿಮ್ ಇರಲಿಲ್ಲ, ನಂಬರು ಫೋನಿನೊಳಗೇ ಕೂತಿತ್ತು. ಕಂಪನಿ ಬದಲಿಸಬೇಕೆಂದರೆ ಫೋನನ್ನೂ ಬದಲಿಸಬೇಕಿತ್ತು. ಸಿಮ್ ಕಿತ್ತು ಬೇರೆ ಹಾಕುವ ಸಲೀಸಿನ ಎದುರು ಆ ಪದ್ಧತಿ ಇಲ್ಲಿ ಸೋತಿತು. ಆದರೆ ಅದರ ತತ್ತ್ವ ಸೋಲಲಿಲ್ಲ. 3ಜಿ ಬಂದಾಗ ಜಿಎಸ್‌ಎಂ ಬಳಗವೇ ಸಂಕೇತದ ಹಂಚಿಕೆಯನ್ನು ಒಪ್ಪಿ 5 ಮೆಗಾಹರ್ಟ್ಸ್ ಪಟ್ಟಿಗೆ ಹಿಗ್ಗಿಸಿಕೊಂಡಿತು.

4ಜಿ, ಅಂದರೆ ಎಲ್‌ಟಿಇ, ಮತ್ತೊಂದು ಉತ್ತರ. ಅಗಲವಾದ ಪಟ್ಟಿಯನ್ನು 15 ಕಿಲೋಹರ್ಟ್ಸ್ ಅಂತರದ ಸಣ್ಣ ಎಳೆಗಳಾಗಿ ಸೀಳಿ, ಯಾರಿಗೆ ಯಾವ ಕ್ಷಣದಲ್ಲಿ ಎಷ್ಟು ಬೇಕೋ ಅಷ್ಟು ಎಳೆ ಕೊಡುವುದು. ಇಲ್ಲಿ ಮಾತಿಗೆಂದು ಪ್ರತ್ಯೇಕ ದಾರಿಯೇ ಇಲ್ಲ, ಎಲ್ಲವೂ ದತ್ತಾಂಶದ ಪೊಟ್ಟಣಗಳು. ಈ ಪೊಟ್ಟಣ ಪದ್ಧತಿಯ ಮೊದಲ ದೊಡ್ಡ ಪರೀಕ್ಷೆಯೂ ಲಾಸ್ ಏಂಜಲೀಸಿನದೇ. 1969ರ ಅಕ್ಟೋಬರ್ 29ರಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಲೆನರ್ಡ್ ಕ್ಲೀನ್‌ರಾಕ್ ಅವರ ಪ್ರಯೋಗಾಲಯದಿಂದ ಅರ್ಪಾನೆಟ್ ಜಾಲದ ಮೊದಲ ಸಂದೇಶ ಹೊರಟಿತು. ಎರಡಕ್ಷರ ದಾಟುವಷ್ಟರಲ್ಲಿ ಆಚೆಯ ಕಂಪ್ಯೂಟರ್ ಕುಸಿದಿತ್ತು. ಮಾತನ್ನು ಇಂಥ ಪೊಟ್ಟಣಗಳಲ್ಲಿ 4ಜಿ ಮೇಲೆ ಕಳಿಸುವುದಕ್ಕೇ ವಿಒಎಲ್‌ಟಿಇ ಎನ್ನುವುದು. 2016ರಲ್ಲಿ ಬಂದ ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲದ್ದರಿಂದ ಮಾತಾಡಲು ಅದೇ ಗತಿಯಾಯಿತು.

ಇನ್ನು ಬ್ಯಾಂಡ್. ದೇಶಕ್ಕೊಂದು, ಕಂಪನಿಗೊಂದರಂತೆ ಹಂಚಿರುವ ತರಂಗಾಂತರದ ಭಾಗಗಳಿಗೆ ಕೊಟ್ಟ ಸಂಖ್ಯೆ ಅದು. ಭಾರತದಲ್ಲಿ 1800 ಮೆಗಾಹರ್ಟ್ಸ್‌ನ ಬ್ಯಾಂಡ್ 3, 2300ರ ಬ್ಯಾಂಡ್ 40 ಹೆಚ್ಚು ಬಳಕೆಯಲ್ಲಿವೆ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್‌ನ ಬ್ಯಾಂಡ್ 13, 600ರ ಬ್ಯಾಂಡ್ 71 ಇತ್ಯಾದಿ. ಕಡಿಮೆ ಮೆಗಾಹರ್ಟ್ಸ್‌ನ ತರಂಗ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. 5ಜಿಯ 28 ಗಿಗಾಹರ್ಟ್ಸ್‌ನಂಥ ಎತ್ತರದ ತರಂಗಗಳು ಅಪಾರ ದತ್ತಾಂಶ ಹೊರುತ್ತವೆ, ಆದರೆ ಗೋಡೆಗೆ ತಡೆದು ನಿಲ್ಲುತ್ತವೆ.

ಮಕ್ಕಳ ಮನೆಗೆಂದು ಅಲ್ಲಿಗೆ ಹೊರಟವರಿಗೆ ಇದೆಲ್ಲ ಬರಿಯ ಪಾಂಡಿತ್ಯವಲ್ಲ. ಅಮೆರಿಕದ ಮೂರೂ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿವೆ. ಆದ್ದರಿಂದ ವಿಒಎಲ್‌ಟಿಇ ಇಲ್ಲದ ಹಳೆಯ ಫೋನನ್ನು ಮಾತಿಗೆ ನೆಚ್ಚಿಕೊಳ್ಳಬೇಡಿ. ಇದ್ದರೂ ಅಲ್ಲಿನ ಕಂಪನಿ ನಿಮ್ಮ ಮಾದರಿಯನ್ನು ಒಪ್ಪುತ್ತದೆಯೇ ಎಂದು ಅದರ ಜಾಲತಾಣದಲ್ಲಿ ನೋಡಿ. ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ತೂರಿಸುವ ಕಿಂಡಿಯಿಲ್ಲ, ಎಲ್ಲವೂ ಫೋನಿನೊಳಗೇ ಇರುವ ಇ-ಸಿಮ್. ಮಗ ಅಲ್ಲಿಂದ ತಂದುಕೊಟ್ಟ ಐಫೋನಿಗೆ ನಿಮ್ಮ ಸಿಮ್ ಹಾಕಲಾಗದು, ಇ-ಸಿಮ್ ಮಾಡಿಸಬೇಕು. ಎರಡು ಸಿಮ್ ನಡೆಯುವ ಫೋನಾದರೆ ಊರಿನ ನಂಬರನ್ನು ಬ್ಯಾಂಕಿನ ಒಟಿಪಿಗಾಗಿ ರೋಮಿಂಗ್‌ನಲ್ಲಿಟ್ಟು, ಅಲ್ಲಿನ ಇ-ಸಿಮ್ಮನ್ನು ಮಾತಿಗೂ ಇಂಟರ್ನೆಟ್ಟಿಗೂ ಬಳಸಬಹುದು. ಅಂಗಡಿಯಲ್ಲಿ ಎಷ್ಟು ‘ಜಿ’ ಎಂದು ಕೇಳುವ ಮೊದಲು ಬ್ಯಾಂಡ್, ವಿಒಎಲ್‌ಟಿಇ, ಇ-ಸಿಮ್ ಈ ಮೂರನ್ನು ಕೇಳಿ.