ಗೋದಲಿಗೆ ಹುಲ್ಲು ತರುವ ನಾಸ್ತಿಕರು

ಗೋದಲಿಯ ಮುಂದೆ ಕೈಮುಗಿಯದೆ ನಿಲ್ಲುವ ಹಿರಿಯರೊಬ್ಬರನ್ನು ನಾನು ಬಲ್ಲೆ. ಅವರು ಶಾಲಾ ಶಿಕ್ಷಕರಾಗಿದ್ದವರು. ನಿವೃತ್ತರಾಗಿ ಹದಿನೈದು ವರ್ಷಗಳು ಸಂದಿವೆ. ಊರು ಕಡಬ. ಕಡಬವೆಂದೊಡನೆ ನಮ್ಮ ಬಾಂಧವರಲ್ಲಿ ಅನೇಕರಿಗೆ ದಕ್ಷಿಣ ಕನ್ನಡದ ಕಡಬ ನೆನಪಾದೀತು. ನಾನು ಹೇಳುತ್ತಿರುವುದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಕಡಬ. ಅಲ್ಲಿ ನಮ್ಮವರು ಬೆರಳೆಣಿಕೆಯಷ್ಟು. ಕ್ರಿಸ್ತಜಯಂತಿಯ ಮರುದಿನ ಸಂಜೆ ಒಂದು ಮನೆಯ ಜಗಲಿಯಲ್ಲಿ ಸುತ್ತಮುತ್ತಲಿನ ಕುಟುಂಬಗಳು ಸೇರುತ್ತವೆ. ನಾನು ಹೋಗಿ ಬಲಿಪೂಜೆ ಅರ್ಪಿಸುತ್ತೇನೆ. ಜಗಲಿಯ ಮೂಲೆಯಲ್ಲಿ ಒಂದು ಪುಟ್ಟ ಗೋದಲಿ ಇರುತ್ತದೆ.

ಐದು ವರ್ಷಗಳ ಹಿಂದೆ ಮೊದಲ ಬಾರಿಗೆ ಅಲ್ಲಿಗೆ ಹೋದಾಗ, ಪೂಜೆ ಮುಗಿಯುವವರೆಗೆ ಬೀದಿಯಲ್ಲಿಯೇ ನಿಂತಿದ್ದ ಈ ಮೇಷ್ಟ್ರು ಆಮೇಲೆ ಒಳಗೆ ಬಂದು ಗೋದಲಿಯ ಮುಂದೆ ಬಾಗಿ ನೋಡಿದರು. "ಗುರುಗಳೇ, ಕೂಸನ್ನ ಥರ್ಮಾಕೋಲ್ ಮೇಲೆ ಮಲಗಿಸಿದ್ದೀರಲ್ಲ, ಅದಕ್ಕೆ ನವೆಯಾಗಲ್ವೆ?" ಎಂದರು. ಅವರು ನನ್ನನ್ನು ಫಾದರ್ ಎಂದು ಕರೆಯುವುದಿಲ್ಲ. 'ಗುರುಗಳೇ' ಎನ್ನುವುದೂ ಒಬ್ಬ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರಿಗೆ ಕೊಡುವ ಮರ್ಯಾದೆಯೇ ಹೊರತು ಬೇರೆ ಅರ್ಥದಲ್ಲಿ ಅಲ್ಲವೆಂದು ಅಂದೇ ಸ್ಪಷ್ಟಪಡಿಸಿದರು. ಮರುವರ್ಷದಿಂದ ಹಬ್ಬಕ್ಕೆ ಮೊದಲೇ ತಮ್ಮ ಹೊಲದ ಹೊಸ ರಾಗಿ ಹುಲ್ಲಿನ ಒಂದು ಹೊರೆ ಆ ಮನೆಗೆ ತಲುಪತೊಡಗಿತು.

ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಪ್ರಥಮ ಗೋದಲಿಯನ್ನು ಏರ್ಪಡಿಸಿದಾಗ ಬಯಸಿದ್ದು ಇಷ್ಟನ್ನೇ: ನಿಜವಾದ ಹುಲ್ಲು, ಜೀವಂತ ಎತ್ತು, ಕತ್ತೆ. ಆ ವಿಷಯ ತಿಳಿಸಿದಾಗ ಮೇಷ್ಟ್ರು, "ಹಂಗಾದ್ರೆ ಆತ ನಮ್ಮೋನು" ಎಂದು ನಕ್ಕರು.

ಅವರು ನಾಸ್ತಿಕರು. ಮನೆಯಲ್ಲಿ ದೇವರ ಗೂಡಿಲ್ಲ. ಎ.ಎನ್. ಮೂರ್ತಿರಾಯರ 'ದೇವರು' ಗ್ರಂಥ 1991ರಲ್ಲಿ ಪ್ರಕಟವಾದಾಗ ಕೊಂಡ ಪ್ರತಿ, ಹಾಳೆಗಳು ಸಡಿಲವಾಗಿದ್ದರೂ, ಅವರ ಮೇಜಿನ ಮೇಲೆ ಇಂದಿಗೂ ಇದೆ. ದೇವರ ಅಸ್ತಿತ್ವವನ್ನು ಒಪ್ಪದ ಆ ಗ್ರಂಥವನ್ನು ಕನ್ನಡನಾಡು ಸುಟ್ಟುಹಾಕಲಿಲ್ಲ. ಪಂಪ ಪ್ರಶಸ್ತಿ ಕೊಟ್ಟು ಗೌರವಿಸಿತು. 1900ರಲ್ಲಿ ಜನಿಸಿದ ಮೂರ್ತಿರಾಯರು 2003ರವರೆಗೆ ನಮ್ಮ ನಡುವೆ ಬಾಳಿದರು. ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿ ಆ ಪುಸ್ತಕವನ್ನು ಓದಿರುವರೋ ತಿಳಿಯದು, ಓದಿದರೆ ನಷ್ಟವೇನಿಲ್ಲ.

ಈ ಮಣ್ಣಿಗೆ ಇದು ಹೊಸದೂ ಅಲ್ಲ. ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಹೆಸರಿನ ತಾಮ್ರಶಾಸನವೊಂದು ಕಡಬದಲ್ಲಿ ದೊರೆತಿದೆ. ಅದು ಅರ್ಕಕೀರ್ತಿ ಎಂಬ ಜೈನ ಮುನಿಗೆ ನೀಡಿದ ದತ್ತಿಯ ದಾಖಲೆ. ಸೃಷ್ಟಿಕರ್ತನನ್ನು ಒಪ್ಪದೆಯೂ ಉನ್ನತ ನೀತಿಯನ್ನು ಬೋಧಿಸಿದ ಆ ಧರ್ಮಕ್ಕೆ ಈ ನೆಲದಲ್ಲಿ ಸಾವಿರ ವರ್ಷಗಳಿಗೂ ಮೀರಿದ ನೆಲೆಯಿದೆ. ಕಡಬದ ದೊಡ್ಡ ಕೆರೆಯ ಬಗೆಗೂ ಒಂದು ಐತಿಹ್ಯವಿದೆ. ಶಿಂಷಾ ನದಿಗೆ ಏರಿ ಹಾಕಿ ನಿರ್ಮಿಸಿದ ಈ ಕೆರೆಯನ್ನು, ಲಂಕೆಯಿಂದ ಹಿಂದಿರುಗುವಾಗ ಇಲ್ಲಿ ಬೀಡುಬಿಟ್ಟ ಶ್ರೀರಾಮನು ಸೀತೆಯ ಕೋರಿಕೆಯಂತೆ ಕಟ್ಟಿಸಿದನಂತೆ. ಮೇಷ್ಟ್ರು ಇದನ್ನು ನಂಬುವುದಿಲ್ಲ. ಆದರೆ ಊರಿಗೆ ಬಂದ ಅತಿಥಿಗಳಿಗೆ ತಾವೇ ಮುಂದಾಗಿ ಈ ಕಥೆಯನ್ನು ಹೇಳುತ್ತಾರೆ. "ಹೆಂಗಸೊಬ್ಬಳು ನೀರು ಕೇಳಿದಳು ಅಂತ ಕಥೆ ಕಟ್ಟಿದಾರಲ್ಲ, ಅದು ಸುಳ್ಳಲ್ಲ" ಎನ್ನುತ್ತಾರೆ.

ಹಾಗಾದರೆ ಗೋದಲಿಯಲ್ಲಿ ಇಂಥವರಿಗೆ ಕಾಣುವುದೇನು? ಎರಡನೆಯ ವರ್ಷ, ಪೂಜೆಯ ಅನಂತರ ಕಾಫಿ ಕುಡಿಯುತ್ತಾ, ನಾನು ಕೇಳದೆಯೇ ಅವರು ಹೇಳಿದರು.

2001ರ ಜನಗಣತಿಯಲ್ಲಿ ಅವರು ಗಣತಿದಾರರಾಗಿದ್ದರು. ನಮ್ಮ ದೇಶದಲ್ಲಿ ಈ ಕಾರ್ಯ ಬಹುಮಟ್ಟಿಗೆ ಶಾಲಾ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಮನೆಮನೆಯ ಎಣಿಕೆ ಹಗಲಿನಲ್ಲಿ ನಡೆದರೆ, ಮನೆಯಿಲ್ಲದವರನ್ನು ಮಾತ್ರ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ, ಅವರು ಮಲಗಿದ ತಾಣಗಳಿಗೇ ಹೋಗಿ ಎಣಿಸಬೇಕು. ಮೇಷ್ಟ್ರ ಪಾಲಿಗೆ ಬಂದದ್ದು ಗುಬ್ಬಿಯ ರೈಲು ನಿಲ್ದಾಣದ ಹೊರಗಿನ ಜಾಗ. ರಸ್ತೆ ಕೆಲಸಕ್ಕೆಂದು ದೂರದ ಜಿಲ್ಲೆಯಿಂದ ಬಂದ ದಂಪತಿಗಳು ಮರವೊಂದರ ಕೆಳಗೆ ಮಲಗಿದ್ದರು. ಬ್ಯಾಟರಿಯ ಬೆಳಕು ಬಿದ್ದೊಡನೆ ಆ ತಾಯಿ ಸೆರಗೆಳೆದು ಏನನ್ನೋ ಮುಚ್ಚಿಕೊಂಡಳು. ಹುಟ್ಟಿ ಮೂರು ದಿನಗಳಾದ ಮಗು. "ಬರ್ಕೊಂಡ್ರೆ ಏನಾದ್ರೂ ಸಿಗ್ತದೇನ್ರೀ?" ಎಂದು ಗಂಡ ಕೇಳಿದ. ಏನೂ ಸಿಗುವುದಿಲ್ಲವೆಂದು ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು. ಮಗುವಿಗೆ ಹೆಸರಿಟ್ಟಿರಲಿಲ್ಲ. ವಯಸ್ಸಿನ ಕಾಲಂನಲ್ಲಿ ತುಂಬಿದ ವರ್ಷಗಳನ್ನು ಬರೆಯಬೇಕು. ಒಂದು ವರ್ಷ ತುಂಬದ ಮಕ್ಕಳಿಗೆ ಸೊನ್ನೆ.

"ಇಪ್ಪತ್ತು ವರ್ಷ ಹುಡುಗರ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಹಾಕಿದೋನು ನಾನು. ಅವತ್ತು ಕೈ ನಿಂತ್ಹೋಯ್ತು ಗುರುಗಳೇ" ಎಂದರು. ಬೆಳಿಗ್ಗೆ ಒಂದು ಹೊದಿಕೆ ಹಿಡಿದು ಹೋದಾಗ ಮರದ ಕೆಳಗೆ ಯಾರೂ ಇರಲಿಲ್ಲವಂತೆ.

ಕೆಲವು ತಿಂಗಳುಗಳ ಬಳಿಕ, ಯಾರೋ ಕೊಟ್ಟಿದ್ದ ಹೊಸ ಒಡಂಬಡಿಕೆಯ ಕಿರುಪ್ರತಿಯನ್ನು ತಿರುವಿಹಾಕುವಾಗ ಸಂತ ಲೂಕರ ಎರಡನೆಯ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಅಧ್ಯಾಯ ಆರಂಭವಾಗುವುದೇ ಜನಗಣತಿಯಿಂದ. ಎಲ್ಲಿಯೋ ಕುಳಿತ ಚಕ್ರವರ್ತಿಯ ಆಜ್ಞೆ, ಹೆಸರು ಬರೆಸಲು ಹೊರಟ ಬಡವ, ತುಂಬುಗರ್ಭಿಣಿಯಾದ ಹೆಂಡತಿ, ತಂಗಲು ಸಿಗದ ಸ್ಥಳ. ನಾವು ಪ್ರತಿವರ್ಷ ಈ ವಾಚನವನ್ನು ಕೇಳುತ್ತೇವೆ. ಗಣತಿಯ ಮಾತನ್ನು ದಾಟಿ ದೇವದೂತರ ಗಾನಕ್ಕೆ ಕಿವಿಗೊಡುತ್ತೇವೆ. ಮೇಷ್ಟ್ರು ಮಾತ್ರ ಮೊದಲ ವಾಕ್ಯಗಳಲ್ಲಿಯೇ ನಿಂತುಬಿಟ್ಟರು. ದೇವದೂತರ ಭಾಗವನ್ನು ಅವರು ಇಂದಿಗೂ ಒಪ್ಪುವುದಿಲ್ಲ.

ಹಾಗೆಂದು ಗಣತಿಯ ಭಾಗವನ್ನಾದರೂ ಪ್ರಶ್ನಿಸದೆ ಬಿಟ್ಟಿದ್ದಾರೆಯೇ ಎಂದರೆ ಅದೂ ಇಲ್ಲ. ಸಿರಿಯದ ರಾಜ್ಯಪಾಲ ಕ್ವಿರೀನಿಯನ ಕಾಲದ ಗಣತಿ ಇತಿಹಾಸಕಾರ ಜೋಸೆಫಸನ ಪ್ರಕಾರ ಕ್ರಿ.ಶ. 6ರಲ್ಲಿ ನಡೆಯಿತು, ಹೆರೋದ ಅರಸನು ತೀರಿಕೊಂಡದ್ದು ಕ್ರಿ.ಪೂ. 4ರಲ್ಲೆಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಇವೆರಡೂ ಹೇಗೆ ಕೂಡುತ್ತವೆ ಎಂದು ಕೇಳಿದರು. ಸುಲಭವಾಗಿ ಕೂಡುವುದಿಲ್ಲ, ಗುರುಮಠದಲ್ಲಿ ನಾವೂ ಇದನ್ನು ಚರ್ಚಿಸಿದ್ದೆವು ಎಂದು ಒಪ್ಪಿಕೊಂಡೆ. ಡಿಸೆಂಬರ್ 25 ಎಂಬ ದಿನಾಂಕವೂ ಶುಭಸಂದೇಶಗಳಲ್ಲಿಲ್ಲ, ರೋಮಿನಲ್ಲಿ ಆ ದಿನದ ಆಚರಣೆಗೆ ಸಿಗುವ ಮೊದಲ ದಾಖಲೆ 336ನೆಯ ಇಸವಿಯದು ಎಂದು ನಾನೇ ಸೇರಿಸಿದೆ. ಅವರಿಗೆ ಸಂತೋಷವಾಯಿತು. ನನಗೂ ಆಯಿತೆನ್ನಬೇಕು. ಭಕ್ತರೊಡನೆ ಇಂತಹ ಸಂಭಾಷಣೆಗಳಿಗೆ ಅವಕಾಶ ಕಡಿಮೆ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ತಪ್ಪು ಮಾಡಿದವನು ನಾನು.

ಮೂರನೆಯ ವರ್ಷ ಅದೇ ಜಗಲಿಯಲ್ಲಿ ಪ್ರಬೋಧನೆ ಮಾಡುವಾಗ ಹೆಸರು ಹೇಳದೆ ಈ ಕಥೆಯನ್ನು ಹೇಳಿದೆ. ಕಥೆಗಷ್ಟೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆ ರಾತ್ರಿ ಅವರ ಕೈಯನ್ನು ತಡೆದವರು ದೇವರೇ, ಅವರು ನಾಸ್ತಿಕರೆಂದುಕೊಂಡಿದ್ದಾರೆ, ವಾಸ್ತವವಾಗಿ ಅವರು ವಿಶ್ವಾಸದ ಹೊಸ್ತಿಲಲ್ಲಿದ್ದಾರೆ" ಎಂದುಬಿಟ್ಟೆ. ಕುಳಿತವರೆಲ್ಲ ಮೆಚ್ಚುಗೆಯಿಂದ ತಲೆದೂಗಿದರು. ಬೀದಿಯಲ್ಲಿ ನಿಂತಿದ್ದವರಿಗೂ ಅದು ಕೇಳಿಸಿತ್ತು. ಪೂಜೆಯ ಅನಂತರ ನೋಡಿದರೆ ಮೇಷ್ಟ್ರು ಹೊರಟುಹೋಗಿದ್ದರು.

ಮರುವರ್ಷ ಹುಲ್ಲು ಬಂತು, ಅವರು ಬರಲಿಲ್ಲ.

ಆ ಚಳಿಗಾಲದಲ್ಲಿ ನನಗೆ ನೆನಪಾದದ್ದು ಜಾನ್ ಪಾಲ್ ಸಾರ್ತ್ರ್. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಸಾರ್ತ್ರನನ್ನು ಓದಿದ್ದು ಖಂಡಿಸುವುದಕ್ಕಾಗಿ. ನಾಸ್ತಿಕವಾದದ ಪಾಠ, ಅದಕ್ಕೆ ಸಮಾಧಾನ, ಪರೀಕ್ಷೆ, ಅಲ್ಲಿಗೆ ಮುಗಿಯಿತು. ಆತನೂ ಒಂದು ಕ್ರಿಸ್ಮಸ್ ನಾಟಕ ಬರೆದಿದ್ದನೆಂಬ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. 1940ರಲ್ಲಿ ಜರ್ಮನರಿಗೆ ಸೆರೆಸಿಕ್ಕ ಫ್ರೆಂಚ್ ಸೈನಿಕರಲ್ಲಿ ಆತನೂ ಒಬ್ಬ. ಟ್ರಿಯರ್ ನಗರದ ಸೆರೆಶಿಬಿರದಲ್ಲಿ ಜತೆಯ ಖೈದಿಗಳಾಗಿ ಕೆಲವು ಗುರುಗಳಿದ್ದರು. ಅವರೊಡನೆ ಗೆಳೆತನ ಬೆಳೆಯಿತು. ಆ ವರ್ಷದ ಡಿಸೆಂಬರ್ 24ರಂದು ಖೈದಿಗಳೇ ಅಭಿನಯಿಸಿದ 'ಬಾರಿಯೋನ' ನಾಟಕ ಹುಟ್ಟಿದ್ದು ಹೀಗೆ. ಮೂವರು ಜ್ಞಾನಿಗಳಲ್ಲೊಬ್ಬನಾದ ಬಾಲ್ತಜಾರನ ಪಾತ್ರವನ್ನು ಸಾರ್ತ್ರ್ ತಾನೇ ವಹಿಸಿದ.

ಕಥೆ ಹೀಗಿದೆ. ಬಾರಿಯೋನ ಎಂಬುವನು ಯೆಹೂದದ ಒಂದು ಬಡ ಹಳ್ಳಿಯ ಯಜಮಾನ. ರೋಮನ್ನರು ತೆರಿಗೆಯನ್ನು ಏರಿಸುತ್ತಾರೆ. ಹಳ್ಳಿ ತೆರಿಗೆ ಕಟ್ಟುತ್ತದೆ, ಆದರೆ ಇನ್ನು ಮುಂದೆ ಇಲ್ಲಿ ಮಕ್ಕಳು ಹುಟ್ಟಕೂಡದು ಎಂದು ಆತ ಕಟ್ಟಳೆ ಮಾಡುತ್ತಾನೆ. ಅದೇ ಹೊತ್ತಿಗೆ ಸ್ವಂತ ಹೆಂಡತಿ ತಾನು ಗರ್ಭಿಣಿಯೆಂದು ತಿಳಿಸುತ್ತಾಳೆ. ಬೆತ್ಲೆಹೇಮಿನಲ್ಲಿ ರಕ್ಷಕ ಹುಟ್ಟಿದನೆಂಬ ಸುದ್ದಿ ಬಂದಾಗ, ಜನರನ್ನು ತಾಳ್ಮೆಯ ಹೆಸರಿನಲ್ಲಿ ಮಲಗಿಸಲು ಇನ್ನೊಬ್ಬ ಬಂದನೆಂದು ಕೆರಳಿ, ಆ ಮಗುವನ್ನು ಕೊಲ್ಲಲೆಂದೇ ಹೊರಡುತ್ತಾನೆ. ಕೊಟ್ಟಿಗೆಯಲ್ಲಿ ಜೋಸೆಫನ ಮುಖವನ್ನು ಕಂಡು ಅವನ ಕೈ ಏಳುವುದಿಲ್ಲ. ಕೊನೆಗೆ ಹೆರೋದನ ಸೈನಿಕರು ಬರುವಾಗ, ಆ ಕುಟುಂಬ ತಪ್ಪಿಸಿಕೊಳ್ಳಲೆಂದು ತನ್ನವರೊಡನೆ ಅಡ್ಡನಿಲ್ಲಲು ಹೊರಡುತ್ತಾನೆ. ಸಾಯುತ್ತೇನೆಂದು ಗೊತ್ತಿದ್ದೂ ಹೆಂಡತಿಗೆ ಮಗುವನ್ನು ಹೆತ್ತು ಬೆಳೆಸೆಂದು ಹೇಳಿ ಹೋಗುತ್ತಾನೆ.

ಸೆರೆಶಿಬಿರದ ಚಳಿಯಲ್ಲಿ ಇದನ್ನು ನೋಡಿದವರಿಗೆ ಏನನಿಸಿರಬಹುದು! ಸಾರ್ತ್ರ್ ಮನಪರಿವರ್ತನೆ ಹೊಂದಿದನೆಂದೇ ಕೆಲವರು ಆಮೇಲೆ ಹೇಳಿದರು. 1962ರಲ್ಲಿ ನಾಟಕದ 500 ಪ್ರತಿಗಳ ಮುದ್ರಣಕ್ಕೆ ಒಪ್ಪಿದಾಗ ಆತ ಅದನ್ನು ಸ್ಪಷ್ಟವಾಗಿ ಅಲ್ಲಗಳೆದ. ಸೆರೆಯಲ್ಲಿದ್ದಾಗ ತನ್ನ ವಿಚಾರ ಕ್ಷಣಕಾಲವೂ ದಿಕ್ಕು ಬದಲಿಸಿರಲಿಲ್ಲ. ಆ ಸಂಜೆ ಕ್ರೈಸ್ತರನ್ನೂ ವಿಶ್ವಾಸವಿಲ್ಲದವರನ್ನೂ ಒಂದುಗೂಡಿಸಬಲ್ಲ ವಸ್ತುವನ್ನು ಜತೆಯ ಗುರುಗಳ ಒಪ್ಪಿಗೆಯಿಂದ ಆರಿಸಿಕೊಂಡೆ ಎಂಬುದು ಅವನ ಮಾತಿನ ಸಾರ.

ಇಪ್ಪತ್ತೆರಡು ವರ್ಷಗಳ ಬಳಿಕವೂ ಒಬ್ಬ ಮನುಷ್ಯ ಹೀಗೆ ವಿವರಣೆ ಕೊಡಬೇಕಾಗಿ ಬಂದದ್ದು ಯಾರಿಂದ? ನನ್ನಂಥವರಿಂದ. ಯಾರಾದರೂ ನಮ್ಮ ಹಬ್ಬದಲ್ಲಿ ಒಳಿತನ್ನು ಕಂಡರೆ ಕೂಡಲೇ ಅವರ ಹೆಸರನ್ನು ನಮ್ಮ ಪಟ್ಟಿಗೆ ಬರೆದುಕೊಳ್ಳುವ ಆತುರ ನಮಗೆ. ಅದೂ ಒಂದು ಬಗೆಯ ಗಣತಿಯೇ.

ಸಂತ ಮತ್ತಾಯರ ಶುಭಸಂದೇಶವನ್ನು ಮತ್ತೆ ಓದಿದೆ. ಪೂರ್ವದಿಂದ ಬಂದ ಜ್ಞಾನಿಗಳು ಇಸ್ರಯೇಲಿನ ವಿಶ್ವಾಸದವರಲ್ಲ. ಅವರನ್ನು ಕರೆತಂದದ್ದು ಧರ್ಮಗ್ರಂಥವಲ್ಲ. ನಕ್ಷತ್ರಗಳನ್ನು ಅಳೆಯುವ ಅವರ ವಿದ್ಯೆ. ಜೆರುಸಲೇಮಿನ ಧರ್ಮಶಾಸ್ತ್ರಿಗಳಿಗೆ ಮೀಕನ ಪ್ರವಾದನೆ ಬಾಯಿಪಾಠವಾಗಿತ್ತು. ಬೆತ್ಲೆಹೇಮ್ ಎಂದು ಊರಿನ ಹೆಸರನ್ನೂ ತಪ್ಪಿಲ್ಲದೆ ಹೇಳಿದರು. ಅಲ್ಲಿಂದ ಬೆತ್ಲೆಹೇಮಿಗೆ ಸುಮಾರು 10 ಕಿಲೋಮೀಟರು. ಅವರಲ್ಲೊಬ್ಬರಾದರೂ ಎದ್ದು ಹೋದರೆಂದು ಮತ್ತಾಯರು ಬರೆದಿಲ್ಲ. ಇನ್ನು, ಬಂದ ಜ್ಞಾನಿಗಳು ಕಾಣಿಕೆ ಅರ್ಪಿಸಿ ಬೇರೆ ದಾರಿಯಲ್ಲಿ ತಮ್ಮ ದೇಶಕ್ಕೆ ಮರಳಿದರು. ಇಲ್ಲಿಯೇ ಉಳಿಯಿರಿ, ನಮ್ಮವರಾಗಿರಿ ಎಂದು ಮರಿಯಮ್ಮನವರಾಗಲಿ ಜೋಸೆಫರಾಗಲಿ ಅವರನ್ನು ತಡೆಯಲಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ, ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದ 19ನೆಯ ಪರಿಚ್ಛೇದವನ್ನು ನಮ್ಮ ಮನೆಗಳಲ್ಲಿ ಒಮ್ಮೆ ಓದಬೇಕು. ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಅಲ್ಪವಲ್ಲ, ನಮ್ಮ ಬಾಳಿನ ಕುಂದುಗಳು ದೇವರ ಮುಖವನ್ನು ಮರೆಮಾಡುತ್ತವೆ ಎಂಬ ಅರ್ಥದ ಮಾತು ಅಲ್ಲಿದೆ. ಅದೇ ದಾಖಲೆಯ 22ನೆಯ ಪರಿಚ್ಛೇದ ಇನ್ನೂ ಮುಂದೆ ಹೋಗುತ್ತದೆ: ದೇವಪುತ್ರರು ಮನುಷ್ಯರಾದುದರಿಂದ ಒಂದು ರೀತಿಯಲ್ಲಿ ಪ್ರತಿಯೊಬ್ಬ ಮಾನವನೊಡನೆಯೂ ಒಂದಾಗಿದ್ದಾರೆ. ಪ್ರತಿಯೊಬ್ಬ ಎಂದಮೇಲೆ ಗುಬ್ಬಿಯ ಮರದಡಿಯ ಆ ಹೆಸರಿಲ್ಲದ ಮಗುವೂ ಸೇರಿತು. ನಾನು ವಿಶ್ವಾಸದಿಂದ ಹೇಳುವ ಈ ಮಾತನ್ನು ಮೇಷ್ಟ್ರು ಒಪ್ಪರು. ಆದರೆ ಆ ಮಗುವಿನ ಮುಂದೆ ಕೈ ನಿಂತದ್ದು ಅವರದ್ದು. ನಾನಾಗಿದ್ದರೆ ಸೊನ್ನೆ ಬರೆದು ಮುಂದೆ ಹೋಗುತ್ತಿದ್ದೆನೋ ಏನೋ.

ಕಳೆದ ವರ್ಷ ಹಬ್ಬಕ್ಕೆ ಮುಂಚೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಎಳನೀರು ಕೊಟ್ಟರು. ಗುಬ್ಬಿ ತಾಲ್ಲೂಕಿನವರು, ವೀರಣ್ಣನವರ ಕಂಪನಿಯ ಊರಿನ ಜನಕ್ಕೆ ನಾಟಕವೆಂದರೆ ಕಿವಿ ನೆಟ್ಟಗಾಗುತ್ತದೆ. ಬಾರಿಯೋನನ ಕಥೆಯನ್ನು ಆದ್ಯಂತ ಕೇಳಿದರು. "ಬರಗಾಲದಲ್ಲಿ ಈ ಮಾತನ್ನ ನಮ್ಮೂರಲ್ಲೂ ಕೇಳಿದೀನಿ, ಮಕ್ಕಳು ಹುಟ್ಟಿ ಏನು ಮಾಡಬೇಕು ಅಂತ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು: "ಆ ಜೈಲಿನ ಪಾದ್ರಿಗಳು ಮಾರನೇ ದಿನ ಸಾರ್ತ್ರನ ಮೇಲೆ ಪ್ರಸಂಗ ಮಾಡಿದ್ರೋ?"

ಗೊತ್ತಿಲ್ಲವೆಂದೆ. ಡಿಸೆಂಬರ್ 26ರ ಸಂಜೆ ಅವರು ಬಂದರು. ಎಂದಿನಂತೆ ಪೂಜೆ ಮುಗಿಯುವವರೆಗೆ ಬೀದಿಯಲ್ಲಿ ನಿಂತಿದ್ದರು.

ಈ ಲೇಖನವನ್ನು ಪತ್ರಿಕೆಗೆ ಕಳುಹಿಸುವ ಮುನ್ನ ಅವರ ಕೈಗೆ ಕೊಟ್ಟೆ. ಹೆಸರು ಬೇಡವೆಂದರು. ಎರಡು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದರು. ತಲೆಬರಹದಲ್ಲಿ ನಾನು 'ಸತ್ಯಶೋಧಕರು' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ 'ನಾಸ್ತಿಕರು' ಎಂದು ಮೇಲೆ ಬರೆದರು. ಹಾಳೆ ಹಿಂದಿರುಗಿಸುತ್ತಾ, ಒಕ್ಕಣೆ ಈ ಸಲ ತಡವಾಗಿದೆ, ಹುಲ್ಲು ಹಬ್ಬದ ಹಿಂದಿನ ದಿನ ಸಂಜೆಗೆ ಬಂದೀತು, ಅಲ್ಲಿಯವರೆಗೆ ಥರ್ಮಾಕೋಲ್ ಹಾಕಬೇಡಿರೆಂದು ಆ ಮನೆಯವರಿಗೆ ತಿಳಿಸಿ ಎಂದರು.