‘ಅವಳು’ ಎಂದರೆ ಯಾರು?

“ಅಜ್ಜಿ ಮೊಮ್ಮಗಳಿಗೆ ಹಾಲು ಕೊಟ್ಟಳು. ಅವಳಿಗೆ ಹಸಿವಾಗಿತ್ತು.” ಈ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದು, ಹಸಿದವಳು ಯಾರೆಂದು ಕೇಳಿದೆ. ಮೊಮ್ಮಗಳು ಎಂದರು ಎಲ್ಲರೂ. ‘ಹಸಿವಾಗಿತ್ತು’ ಎಂಬುದನ್ನು ಅಳಿಸಿ ‘ಮರುಕ ಹುಟ್ಟಿತ್ತು’ ಎಂದು ಬರೆದೆ. ಈಗ ‘ಅವಳು’ ಅಜ್ಜಿಯಾದಳು! ಸರ್ವನಾಮದ ಲಿಂಗ, ವಚನ, ವಿಭಕ್ತಿಗಳಲ್ಲಿ ಒಂದೂ ಬದಲಾಗಿರಲಿಲ್ಲ. ಇದು ಯಾವ ಸೂತ್ರದಿಂದಾಯಿತೆಂದು ವಿದ್ಯಾರ್ಥಿಯೊಬ್ಬನು ಕೇಳಿದಾಗ ನಾನು ನಿರುತ್ತರನಾದೆ.

ಗಣಕಯಂತ್ರಕ್ಕೆ ಭಾಷೆ ಕಲಿಸಹೊರಟವರನ್ನು ಕಾಡಿದ್ದೂ ಇದೇ ತೊಡಕು. ಒಂದು ಪದ ಬದಲಾದರೆ ಸರ್ವನಾಮದ ಗುರಿಯೇ ಬದಲಾಗುವುದನ್ನು ಅಮೆರಿಕದ ಟೆರ್ರಿ ವಿನೊಗ್ರಾಡ್ 1972ರಲ್ಲಿಯೇ ತೋರಿಸಿದ್ದರು. ಅಂತಹ ವಾಕ್ಯಗಳನ್ನು ಹೆಕ್ಟರ್ ಲೆವೆಕ್ 2011ರಲ್ಲಿ ಯಂತ್ರಬುದ್ಧಿಯ ಒರೆಗಲ್ಲಾಗಿಸಿದರು. 2019ರ ವೇಳೆಗೆ ಯಂತ್ರವು ನೂರಕ್ಕೆ 90ರಷ್ಟು ಸರಿಯುತ್ತರವನ್ನಿತ್ತಿತು.

ಅಪಾರ ಬರಹವನ್ನು ಅರಗಿಸಿಕೊಂಡು ಯಂತ್ರವು ಪಡೆದುದನ್ನು ನಮ್ಮ ಮಕ್ಕಳು ಅಜ್ಜಿಯ ಮಡಿಲಿನಲ್ಲಿಯೇ ಪಡೆದಿರುತ್ತಾರೆ. ಪೂರ್ಣವಿರಾಮದ ಬಳಿ ನಿಂತುಬಿಡುವ ನನ್ನ ವ್ಯಾಕರಣಪಾಠವೇ ಇನ್ನು ಒಂದು ಹೆಜ್ಜೆ ಮುಂದಿಡಬೇಕಾಗಿದೆ.