ಸೈಕಲ್ಲಿಗೆ ನಾವೋ, ನಮಗೆ ಸೈಕಲ್ಲೋ?

"ಬೆಳೆಯುವ ಮಗು, ದೊಡ್ಡ ಸೈಕಲ್ಲನ್ನೇ ಕೊಡಿ" ಎಂದು ಅಂಗಡಿಯಲ್ಲಿ ಕೇಳುವ ಪೋಷಕರು ಹಲವರು. ಶಾಲೆಯ ಅಂಗಿಯನ್ನು ತುಸು ಸಡಿಲವಾಗಿ ಹೊಲಿಸಿದರೆ ತೊಂದರೆಯಿಲ್ಲ. ಸೈಕಲ್ಲಿನ ಮಾತು ಹಾಗಲ್ಲ. ತುಳಿಯುವಾಗ ಮಂಡಿಯು ಗಂಟೆಗೆ ಸಾವಿರಾರು ಸಲ ಮಡಚಿ ಬಿಚ್ಚುತ್ತದೆ. ಅಳತೆ ತಪ್ಪಿದರೆ ನೋಯುವುದು ಅದೇ ಮಂಡಿ.

ಹಾಗಾದರೆ ಸರಿಯಾದ ಅಳತೆ ಯಾವುದು? ಈ ವಿಷಯದಲ್ಲಿ ಬಲ್ಲವರಲ್ಲೂ ಒಮ್ಮತವಿಲ್ಲ. ಮುಖ್ಯವಾಗಿ ಮೂರು ಪಕ್ಷಗಳಿವೆ.

ಮೊದಲನೆಯದು ಲೆಕ್ಕದ ಪಕ್ಷ. ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಬಳಸಿದ ಸೂತ್ರವನ್ನು ಅಮೆರಿಕದ ಗ್ರೆಗ್ ಲೆಮಾಂಡ್ ಪ್ರಚಾರಕ್ಕೆ ತಂದರು. ಇವರು 1986, 1989 ಮತ್ತು 1990ರಲ್ಲಿ 'ಟೂರ್ ದ ಫ್ರಾನ್ಸ್' ಗೆದ್ದವರು. ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸಬೇಕು, ಪೆಡಲುಗಳ ನಡುವಣ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರವಿರಬೇಕು. ಒಳ ಅಳತೆ 80 ಸೆಂ.ಮೀ. ಆದರೆ ಸೀಟಿನ ಎತ್ತರ ಸುಮಾರು 70.6 ಸೆಂ.ಮೀ.

ಎರಡನೆಯದು ಸಿದ್ಧ ಉಡುಪಿನಂಥ ಪಕ್ಷ. 1990ರ ದಶಕದಲ್ಲಿ ತೈವಾನಿನ ಜಯಂಟ್ ಕಂಪೆನಿಗಾಗಿ ಇಂಗ್ಲೆಂಡಿನ ಮೈಕ್ ಬರೋಸ್ ಮೇಲಿನ ಅಡ್ಡಕಂಬಿಯನ್ನು ಹಿಂದಕ್ಕೆ ಇಳಿಜಾರಾಗಿಸಿದ ಫ್ರೇಮನ್ನು ರೂಪಿಸಿದರು. ಕೆಲವೇ ಅಳತೆಗಳು ಸಾಕು. ಉಳಿದ ಹೊಂದಾಣಿಕೆಯನ್ನು ಸೀಟು, ಹ್ಯಾಂಡಲ್‌ಗಳಿಂದ ಮಾಡಿಕೊಳ್ಳಬಹುದು ಎಂಬುದು ಇದರ ತತ್ವ.

ಮೂರನೆಯವರು ಸುಖ ಸವಾರಿಯವರು. ಫ್ರೇಮ್ ಕೊಂಚ ದೊಡ್ಡದಿರಲಿ, ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಬರಲಿ, ಬೆನ್ನು ಬಾಗುವುದು ಬೇಡ ಎನ್ನುತ್ತಾರೆ.

ಸೂತ್ರಕ್ಕೆ ಪಾದದ ಉದ್ದ ತಿಳಿಯದು. ಸಿದ್ಧ ಅಳತೆ ಎಲ್ಲರಿಗೂ ಒಪ್ಪದು. ದೊಡ್ಡ ಫ್ರೇಮ್ ಗಿಡ್ಡ ಕಾಲಿನವರಿಗೆ ಅಪಾಯ. ಆದರೂ ಯಾವ ಪಕ್ಷದವರಾದರೂ ಮಂಡಿಯ ಮಾತನ್ನು ಮರೆಯುವಂತಿಲ್ಲ. ಸೀಟು ತೀರ ತಗ್ಗಾದರೆ ಮಂಡಿಯ ಮುಂಭಾಗಕ್ಕೆ ಭಾರ. ತೀರ ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡುತ್ತದೆ.

ಮನೆಯಲ್ಲೇ ಪರೀಕ್ಷಿಸಿರಿ. ಒಬ್ಬರು ಸೈಕಲ್ಲನ್ನು ಹಿಡಿದಿರಲಿ. ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಇಳಿದು ಅಡ್ಡಕಂಬಿಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಎರಡು ಪಾದಗಳೂ ನೆಲ ಮುಟ್ಟಬೇಕು.

ನಮ್ಮಲ್ಲಿ ಬಹುಕಾಲದಿಂದ ಮಾರುವ ಕಪ್ಪು ಸೈಕಲ್ಲುಗಳ ಫ್ರೇಮ್ 22 ಇಲ್ಲವೆ 24 ಅಂಗುಲದ್ದು. ಪೋಷಕರು ಒಂದು ಮಾತನ್ನು ನೆನಪಿಡಬೇಕು: ಸೀಟನ್ನು ಅದರ ಕಂಬಿಯ ಮೇಲಿನ ಗುರುತಿನವರೆಗೆ ಏರಿಸಬಹುದು, ಫ್ರೇಮನ್ನು ಮಾತ್ರ ತಗ್ಗಿಸಲಾಗದು. ಆದುದರಿಂದ ಬೆಳೆಯುವ ಮಗುವಿಗೆ ಇಂದಿನ ಕಾಲಿಗೆ ಒಪ್ಪುವ ಸೈಕಲ್ಲೇ ಲೇಸು. ಮಗು ಬೆಳೆದಂತೆ ಸೀಟೂ ಏರಲಿ.